ಲೆಡ್ಜರ್‌ನಿಂದ ಡೇಟಾಬೇಸ್‌ಗೆ: ಮೊದಲು ಬೇಕು ಒಂದು ಬಿಳಿ ಹಾಳೆ

ಮದುವೆ ಸೀಸನ್ನಿನಲ್ಲಿ ಯಾವುದಾದರೂ ಶಾಮಿಯಾನ ಅಂಗಡಿಗೆ ಹೋಗಿ ನೋಡಿ. ಗಲ್ಲಾ ಮೇಲೆ ಉದ್ದನೆಯ ಲೆಡ್ಜರ್, ಪಕ್ಕದಲ್ಲಿ ರಿಂಗಾಗುತ್ತಲೇ ಇರುವ ಫೋನು. ‘ಗುರುವಾರಕ್ಕೆ 300 ಕುರ್ಚಿ ಸಿಗುತ್ತಾ ಅಣ್ಣಾ?’ ಎಂಬ ಪ್ರಶ್ನೆಗೆ ಮಾಲೀಕರು ಪುಟ ತಿರುವುತ್ತಾರೆ. ಉತ್ತರ ಪುಸ್ತಕದೊಳಗೇ ಇದೆ. ಹುಡುಕಿ ತೆಗೆಯುವಷ್ಟರಲ್ಲಿ ಗಿರಾಕಿ ಇನ್ನೊಂದು ಅಂಗಡಿಗೆ ಫೋನ್ ಮಾಡಿರುತ್ತಾರೆ.

ಲೆಡ್ಜರ್ ಬಿಟ್ಟು ಎಕ್ಸೆಲ್‌ಗೆ ಬಂದವರೂ ಬಹಳ ಮಂದಿ. ಅಲ್ಲಿಯೂ ಒಂದೇ ಉದ್ದನೆಯ ಹಾಳೆ. ಪ್ರತಿ ಸಾಲಿನಲ್ಲೂ ಹೆಸರು, ಊರು, ಫೋನು, ಸಾಮಾನು. ಒಬ್ಬರೇ ಗಿರಾಕಿ ಒಮ್ಮೆ ‘ಮಂಜುನಾಥ’, ಮತ್ತೊಮ್ಮೆ ‘ಮಂಜುನಾಥ್’, ಇನ್ನೊಮ್ಮೆ ‘ಮಂಜಣ್ಣ’. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಮೂವರು.

ಈ ತೊಡಕಿಗೆ 1970ರಲ್ಲೇ ದಾರಿ ತೋರಿಸಿದವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಮಾಹಿತಿಯನ್ನು ಬೇರೆ ಬೇರೆ ಪಟ್ಟಿಗಳಲ್ಲಿಟ್ಟು, ಅವುಗಳ ನಡುವೆ ಸಂಬಂಧ ಕಟ್ಟುವ ಅವರ ವಿಚಾರವೇ ಇಂದಿನ ಬಹುಪಾಲು ಡೇಟಾಬೇಸ್‌ಗಳ ಬುನಾದಿ. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಅದನ್ನು ಸಣ್ಣ ಕಚೇರಿಗಳ ಮೇಜಿಗೂ ತಂದಿತು. ದುಡ್ಡು ಕೊಡದೆ ಕಲಿಯಬೇಕೆನ್ನುವವರಿಗೆ ಲಿಬ್ರೆ ಆಫೀಸ್ ಬೇಸ್ ಇದೆ.

ಆದರೆ ಕೆಲಸ ಶುರುವಾಗುವುದು ಪೆನ್ಸಿಲ್ಲಿನಿಂದ. ಶಾಮಿಯಾನ ಅಂಗಡಿಗೆ ನಾಲ್ಕು ಪಟ್ಟಿ ಸಾಕು: ಗಿರಾಕಿ, ಸಾಮಾನು, ಬುಕಿಂಗ್, ಬುಕಿಂಗ್ ವಿವರ. ಗಿರಾಕಿಯ ಫೋನ್ ನಂಬರ್ ಇರುವುದು ಗಿರಾಕಿ ಪಟ್ಟಿಯಲ್ಲಿ ಮಾತ್ರ. ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ. ಬುಕಿಂಗ್‌ನಲ್ಲಿ ತಾರೀಖಿನ ಜೊತೆ ಆ ಸಂಖ್ಯೆ ಬರೆದರಾಯಿತು. ನಂಬರ್ ಬದಲಾದಾಗ ತಿದ್ದಬೇಕಾದ್ದು ಒಂದೇ ಕಡೆ.

ಹೊಸಬರು ಎಡವುವುದು ನಾಲ್ಕನೆಯ ಪಟ್ಟಿಯಲ್ಲಿ. ಒಂದು ಬುಕಿಂಗ್‌ನಲ್ಲಿ ಹತ್ತಾರು ಸಾಮಾನು ಇರುತ್ತವೆ. ಒಂದೇ ಬಗೆಯ ಕುರ್ಚಿ ಹತ್ತಾರು ಬುಕಿಂಗ್‌ಗಳಿಗೆ ಹೋಗುತ್ತದೆ. ‘ಸಾಮಾನು 1, ಸಾಮಾನು 2, ಸಾಮಾನು 3’ ಎಂದು ಕಾಲಂ ಹಾಕಿದರೆ, ನಾಲ್ಕನೆಯದು ಬಂದ ದಿನ ಲೆಕ್ಕ ಕೆಡುತ್ತದೆ. ಅದಕ್ಕೇ ವಿವರ ಪಟ್ಟಿಯಲ್ಲಿ ಒಂದು ಸಾಮಾನಿಗೆ ಒಂದು ಸಾಲು: ಬುಕಿಂಗ್ ಸಂಖ್ಯೆ, ಸಾಮಾನಿನ ಸಂಖ್ಯೆ, ಕೊಟ್ಟದ್ದೆಷ್ಟು, ವಾಪಸ್ ಬಂದದ್ದೆಷ್ಟು, ಅಂದಿನ ದರ.

ಸಾಮಾನು ಪಟ್ಟಿಯಲ್ಲಿ ದರ ಇದ್ದರೂ ಅಂದಿನ ದರವನ್ನು ಇಲ್ಲಿಯೂ ಬರೆಯುವುದು ಏಕೆ? ಇಂದು ಕುರ್ಚಿಗೆ 8 ರೂಪಾಯಿ ಇದ್ದ ಬಾಡಿಗೆ ನಾಳೆ 10 ಆಗಬಹುದು. ಹಳೆಯ ಬಿಲ್ಲು ಮಾತ್ರ 8 ರೂಪಾಯಿಯ ಲೆಕ್ಕದಲ್ಲೇ ಉಳಿಯಬೇಕು. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂಬುದನ್ನು ಅಂಗಡಿಯಲ್ಲಿ ಕುಳಿತವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಹೀಗೆ ಕಟ್ಟಿದ ಮೇಲೆ ಗುರುವಾರದ ಪ್ರಶ್ನೆಗೆ ಉತ್ತರ ಕ್ಷಣದ ಕೆಲಸ. ಅಂಗಡಿಯಲ್ಲಿರುವ ಒಟ್ಟು ಕುರ್ಚಿಗಳಿಂದ ಆ ದಿನ ಹೊರಗಿರುವವನ್ನು ‘ಕ್ವೆರಿ’, ಅಂದರೆ ಡೇಟಾಬೇಸ್‌ಗೆ ನಾವು ಕೇಳುವ ಪ್ರಶ್ನೆ, ಕಳೆದು ತೋರಿಸುತ್ತದೆ. ಉಳಿಕೆಯನ್ನು ಕೈಯಾರೆ ಬರೆದಿಡುವ ಅಗತ್ಯವೇ ಇಲ್ಲ.

ಇನ್ನು ಕೆಲವು ಎಚ್ಚರಿಕೆ. ಫೋನ್ ನಂಬರನ್ನು ಅಕ್ಷರದ ಕಾಲಂನಲ್ಲೇ ಇಡಿ. ಅಂಕಿಯ ಕಾಲಂನಲ್ಲಿಟ್ಟರೆ 080ರ ಮೊದಲ ಸೊನ್ನೆ ಮಾಯ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪಿಸಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಪ್ರತಿ ಸಂಜೆ ಫೈಲಿನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗಲಿ. ಆಕ್ಸೆಸ್ ಫೈಲಿನ ಮಿತಿ 2 ಜಿಬಿ. ಸಣ್ಣ ಅಂಗಡಿಯ ಬರಹದ ಲೆಕ್ಕಕ್ಕೆ ಅದು ಧಾರಾಳ.

ಹಾಲಿನ ಡೈರಿ, ಊರಿನ ಗ್ರಂಥಾಲಯ, ಪಂಪ್‌ಸೆಟ್ ರಿಪೇರಿ ಅಂಗಡಿ, ಎಲ್ಲಿಗಾದರೂ ಇದೇ ಕ್ರಮ ಸಲ್ಲುತ್ತದೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಈ ಭಾನುವಾರ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ನಿಮ್ಮ ಕೆಲಸದಲ್ಲಿ ದಿನವೂ ಹುಡುಕಾಡಬೇಕಾದ ಐದು ಪ್ರಶ್ನೆಗಳನ್ನು ಬರೆಯಿರಿ, ಅವಕ್ಕೆ ಉತ್ತರ ಕೊಡಬಲ್ಲ ಪಟ್ಟಿಗಳನ್ನು ಕೆಳಗೆ ಎಳೆಯಿರಿ. ಕಂಪ್ಯೂಟರನ್ನು ಸೋಮವಾರ ತೆರೆದರಾಯಿತು.