ಪದವಿನ ಹುಲ್ಲುಗಾವಲು ಮತ್ತು ಚಳಿಗಾಲದ ಅತಿಥಿ ‘ಸೆಳೆವ’

ಮಳೆಗಾಲ ಮುಗಿದು ಕರಾವಳಿಯ ಪದವುಗಳಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ದೂರದೇಶದ ಬೇಟೆಗಾರ ಹಕ್ಕಿಯೊಂದು ದಕ್ಷಿಣ ಭಾರತಕ್ಕೆ ಆಗಮಿಸುತ್ತದೆ. ಕನ್ನಡದಲ್ಲಿ ಇದನ್ನು ‘ಸೆಳೆವ’ ಎಂದೂ ಇಂಗ್ಲಿಷಿನಲ್ಲಿ ‘ಹ್ಯಾರಿಯರ್’ ಎಂದೂ ಕರೆಯುತ್ತಾರೆ. ಅಕ್ಟೋಬರ್ ವೇಳೆಗೆ ಬರುವ ಈ ಹಕ್ಕಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಮರಳುತ್ತದೆ. ಆ ಆರು ತಿಂಗಳು ಅದು ಆಶ್ರಯಿಸುವುದು, ಕಂದಾಯ ದಾಖಲೆಗಳಲ್ಲಿ ಹೆಚ್ಚಾಗಿ ಪಾಳು ಅಥವಾ ಪರಂಬೋಕು ಎಂದು ನಮೂದಾಗಿರುವ ತೆರೆದ ನೆಲವನ್ನು.

ಗುರುತಿಸುವ ಬಗೆ

ಕರಾವಳಿಯ ಜನರಿಗೆ ಗರುಡ ಮತ್ತು ಹದ್ದು ಚಿರಪರಿಚಿತ. ಅವು ಎತ್ತರದಲ್ಲಿ ಸುತ್ತುತ್ತವೆ, ಮೀನು ಇಳಿಸುವ ದಡಗಳಲ್ಲಿ ನೆರೆಯುತ್ತವೆ. ಸೆಳೆವದ ರೀತಿ ಬೇರೆ. ಅದು ನೆಲದಿಂದ ಕೆಲವೇ ಅಡಿ ಮೇಲೆ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಹುಲ್ಲನ್ನು ಸವರಿಕೊಂಡು ಹೋಗುವಂತೆ ನಿಧಾನವಾಗಿ ತೇಲುತ್ತದೆ. ಗೂಬೆಯ ಮುಖವನ್ನು ನೆನಪಿಸುವ ಗರಿಗಳ ವೃತ್ತವು ಸದ್ದನ್ನು ಕಿವಿಗೆ ಒಯ್ಯುವುದರಿಂದ, ಹುಲ್ಲಿನೊಳಗೆ ಅಡಗಿರುವ ಜೀವಿಯ ಸರಸರ ಶಬ್ದವೂ ಅದಕ್ಕೆ ಕೇಳಿಸುತ್ತದೆ.

ದಕ್ಷಿಣ ಭಾರತಕ್ಕೆ ಮುಖ್ಯವಾಗಿ ಮೂರು ಜಾತಿಗಳು ಬರುತ್ತವೆ. ಪ್ಯಾಲಿಡ್ ಮತ್ತು ಮೊಂಟಾಗು ಹ್ಯಾರಿಯರ್‌ಗಳು ಒಣ ಹುಲ್ಲುಗಾವಲನ್ನು ಇಷ್ಟಪಡುತ್ತವೆ. ಇವುಗಳ ಗಂಡು ಬೂದುಬಣ್ಣದ್ದು. ಹೆಣ್ಣು ಕಂದುಬಣ್ಣದ್ದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುತ್ತದೆ. ಮೂರನೆಯದಾದ ಜೌಗು ಸೆಳೆವ ಬೈಲುಗದ್ದೆ ಮತ್ತು ಜೌಗುನೆಲಗಳ ಹಕ್ಕಿ. ಕಾಪುವಿನಂತಹ ಕಡಲಂಚಿನ ತಗ್ಗು ಗದ್ದೆಗಳು ಇದಕ್ಕೆ ಒಗ್ಗುವ ನೆಲೆ. ಮೊಂಟಾಗು ಹಕ್ಕಿಯ ರೆಕ್ಕೆಗಳ ಹರವು ಒಂದು ಮೀಟರಿನಷ್ಟಿದ್ದರೂ ಗಂಡಿನ ತೂಕ ಸುಮಾರು 300 ಗ್ರಾಂ ಒಳಗೇ.

ಆಹಾರ ಮತ್ತು ವಿಶ್ರಾಂತಿ

ಮಿಡತೆ, ಇಲಿ, ಓತಿಕ್ಯಾತ ಮತ್ತು ಸಣ್ಣ ಹಕ್ಕಿಗಳು ಇದರ ಆಹಾರ. ಮಿಡತೆ ಮತ್ತು ಇಲಿಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವುದರಿಂದ ಕೃಷಿಕರಿಗೂ ಉಪಕಾರಿ. ಗದ್ದೆಗೆ ಅತಿಯಾಗಿ ಕೀಟನಾಶಕ ಸಿಂಪಡಿಸಿದಾಗ ಮಿಡತೆಯೊಡನೆ ಈ ಹಕ್ಕಿಯ ಅನ್ನವೂ ಇಲ್ಲವಾಗುತ್ತದೆ.

ಇದು ರಾತ್ರಿ ಕಳೆಯುವುದು ಮರದ ಮೇಲಲ್ಲ. ಮೊಣಕಾಲೆತ್ತರದ ಹುಲ್ಲಿನ ನಡುವೆ, ನೆಲದ ಮೇಲೆ. ಸೂರ್ಯಾಸ್ತದ ಹೊತ್ತಿಗೆ ಹಲವು ಹಕ್ಕಿಗಳು ಒಂದೇ ಹುಲ್ಲುಗಾವಲಿಗೆ ಬಂದಿಳಿಯುವುದುಂಟು. ಗುಜರಾತಿನ ವೇಳಾವದರ್‌ನಲ್ಲಿ ಹಿಂದೆ ಒಂದೇ ಸಂಜೆ ಸಾವಿರಕ್ಕೂ ಮಿಕ್ಕಿ ಹಕ್ಕಿಗಳು ಕೂಡುತ್ತಿದ್ದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ದೇಶದ ಇಂತಹ ತಾಣಗಳ 30 ವರ್ಷಗಳ ಎಣಿಕೆಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸಂಖ್ಯೆ ಇಳಿಮುಖವಾಗಿರುವುದನ್ನು ತೋರಿಸಿದೆ. ಪ್ಯಾಲಿಡ್ ಹ್ಯಾರಿಯರ್ ಜಾಗತಿಕವಾಗಿಯೇ ಅಪಾಯದ ಅಂಚಿಗೆ ಸಮೀಪಿಸಿರುವ ಹಕ್ಕಿ. ರಷ್ಯಾ ಮತ್ತು ಕಜಾಕಿಸ್ತಾನದ ಹುಲ್ಲುಬಯಲುಗಳಲ್ಲಿ ಅದು ಗೂಡು ಕಟ್ಟುವುದೂ ನೆಲದ ಮೇಲೆಯೇ.

ಪದವು ಪಾಳುಭೂಮಿಯಲ್ಲ

ಮಣಿಪಾಲದಿಂದ ಕಾರ್ಕಳದವರೆಗೆ ಹರಡಿರುವ ಮುರಕಲ್ಲಿನ ಪದವುಗಳಲ್ಲಿ ಮಣ್ಣಿನ ಪದರ ಬಹಳ ತೆಳು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೂ ಬಂಡೆಯ ಮೇಲೆ ದೊಡ್ಡ ಮರ ಬೇರೂರುವುದು ಕಷ್ಟ. ಅಲ್ಲಿ ಸಹಜವಾಗಿ ಬೆಳೆಯುವುದು ಹುಲ್ಲು ಮತ್ತು ಮಳೆಗಾಲದ ಪುಟ್ಟ ಹೂಗಿಡಗಳು. ಕಾಡು ಕಡಿದದ್ದರಿಂದ ಬರಿದಾದ ಜಾಗ ಎಂದು ಅದನ್ನು ಭಾವಿಸುವುದು ಸರಿಯಲ್ಲ. ಕಲ್ಲಿನ ಕೋರೆ, ಕಸದ ರಾಶಿ, ಅಕೇಶಿಯಾ ನೆಡುತೋಪು ಮತ್ತು ಬೇಸಗೆಯ ಬೆಂಕಿ, ಇವು ನಾಲ್ಕೂ ಈ ನೆಲೆಯನ್ನು ನಾಶಪಡಿಸುತ್ತವೆ. ಹುಲ್ಲು ಹೋದರೆ ಸೆಳೆವದ ಜೊತೆಗೆ ದನಗಳ ಮೇವೂ ಹೋಗುತ್ತದೆ.

ಗ್ರಾಮ ಪಂಚಾಯತ್ ಸದಸ್ಯರ ಗಮನಕ್ಕೆ

1. ಜೈವಿಕ ವೈವಿಧ್ಯ ಕಾಯ್ದೆ, 2002ರ ಅನ್ವಯ ಪ್ರತಿ ಗ್ರಾಮ ಪಂಚಾಯತ್‌ನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಈ ಸಮಿತಿಯು ತನ್ನ ವ್ಯಾಪ್ತಿಯ ಪದವು ಮತ್ತು ಜೌಗುನೆಲಗಳನ್ನೂ ಅಲ್ಲಿ ಕಂಡುಬರುವ ಹಕ್ಕಿಗಳನ್ನೂ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ನಮೂದಿಸುವುದು ಸೂಕ್ತ.

2. ಸಸಿ ನೆಡುವ ಕಾರ್ಯಕ್ರಮಗಳಿಗೆ ರಸ್ತೆಬದಿ, ಶಾಲಾ ಆವರಣ ಮುಂತಾದ ಸ್ಥಳಗಳನ್ನು ಆರಿಸಿಕೊಂಡು, ಸಹಜ ಹುಲ್ಲುಗಾವಲನ್ನು ಹಾಗೆಯೇ ಉಳಿಸುವುದು ಉತ್ತಮ.

3. ನವೆಂಬರಿನಿಂದ ಮಾರ್ಚ್‌ವರೆಗೆ ಒಣಹುಲ್ಲಿಗೆ ಬೆಂಕಿ ಹಚ್ಚದಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡಬಹುದು. ಕತ್ತಲಾದ ಮೇಲೆ ಹಚ್ಚಿದ ಬೆಂಕಿಯು ನೆಲದಲ್ಲಿ ಮಲಗಿದ ಹಕ್ಕಿಗೆ ಮಾರಕ.

4. ಘನತ್ಯಾಜ್ಯ ಘಟಕಕ್ಕೆ ಜಾಗ ಗುರುತಿಸುವಾಗ, ಕೋರೆಗೆ ಸಂಬಂಧಿಸಿ ಪಂಚಾಯತ್ ಅಭಿಪ್ರಾಯ ನೀಡುವಾಗ, ಆ ಸ್ಥಳ ಹುಲ್ಲುಗಾವಲೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಸಾವಿರಾರು ಕಿಲೋಮೀಟರ್ ದಾಟಿ ಬರುವ ಈ ಹಕ್ಕಿಗೆ ಬೇಕಾಗಿರುವುದು ಹೊಸ ಯೋಜನೆಯಾಗಲಿ ಅನುದಾನವಾಗಲಿ ಅಲ್ಲ. ಇರುವ ಹುಲ್ಲನ್ನು ಇದ್ದಂತೆಯೇ ಬಿಟ್ಟರೆ ಸಾಕು. ಆ ನಿರ್ಧಾರದಲ್ಲಿ ಗ್ರಾಮ ಪಂಚಾಯತ್‌ನ ಪಾತ್ರ ಬಹು ದೊಡ್ಡದು.