ಪರದೆ ಮಡಚುತ್ತದೆ, ತಳ ತೆರೆಯುತ್ತದೆಯೇ?

2012ರ ಥಿಂಕ್‌ಪ್ಯಾಡ್ ಎಕ್ಸ್230 ಟ್ಯಾಬ್ಲೆಟ್‌ನ ಪರದೆ ನಿಂತಿದ್ದುದು ನಟ್ಟನಡುವಿನ ಒಂದೇ ಕೀಲಿನ ಮೇಲೆ. 12.5 ಇಂಚಿನ ಆ ಪರದೆಯನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ, ಕೀಬೋರ್ಡಿನ ಮೇಲೆ ಮಲಗಿಸಿದರೆ ಲ್ಯಾಪ್‌ಟಾಪು ಬರೆಯುವ ಸ್ಲೇಟಿನಂತಾಗುತ್ತಿತ್ತು. ಬರೆಯುವ ಪೆನ್ನಿಗೆ ಅದರ ಒಡಲಲ್ಲೇ ಒಂದು ಗೂಡಿತ್ತು. ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಇಲ್ಲದೆಯೇ ಕಳಚಬಹುದಿತ್ತು. ಯಂತ್ರವನ್ನು ಮಗುಚಿ ಒಂದೆರಡು ಸ್ಕ್ರೂ ಬಿಚ್ಚಿದರೆ ಎರಡು ರ‍್ಯಾಮ್ ಸ್ಲಾಟ್‌ಗಳು ಸಿಗುತ್ತಿದ್ದವು. ಅಲ್ಲಿ 16 ಜಿಬಿವರೆಗೂ ಹಾಕಿಕೊಳ್ಳಬಹುದಿತ್ತು.

ಮರುವರ್ಷ ಲೆನೊವೊ ಅದೇ 12.5 ಇಂಚಿನ ಅಳತೆಯಲ್ಲಿ ಥಿಂಕ್‌ಪ್ಯಾಡ್ ಯೋಗಾ ತಂದಿತು. ನಡುವಿನ ಕೀಲು ಹೋಗಿ ಎರಡೂ ತುದಿಗಳಲ್ಲಿ 360 ಡಿಗ್ರಿ ತಿರುಗುವ ಕೀಲುಗಳು ಬಂದವು. ಪರದೆಯನ್ನು ಹಿಂದಕ್ಕೆ ಮಡಚಿದಂತೆ ಕೀಗಳ ಸುತ್ತಲಿನ ಚೌಕಟ್ಟು ತಾನಾಗಿ ಮೇಲೆದ್ದು ಕೀಗಳೊಂದಿಗೆ ಸಮನಾಗುತ್ತಿತ್ತು. ಕೀಗಳು ಒತ್ತಲಾಗದಂತೆ ಬಿಗಿಯುತ್ತಿದ್ದವು. ನಿಜಕ್ಕೂ ಮೆಚ್ಚಬೇಕಾದ ಕೆಲಸ. ಆದರೆ ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿತ್ತು, ಬ್ಯಾಟರಿ ಒಳಗೆ ಸೇರಿತ್ತು. ಕೊಂಡ ದಿನ 4 ಜಿಬಿ ಇದ್ದರೆ ಕೊನೆಯವರೆಗೂ 4 ಜಿಬಿಯೇ. ಮಡಚುವ ಚಿಕ್ಕ ಲ್ಯಾಪ್‌ಟಾಪ್ ಹುಡುಕುವವರ ಮುಂದೆ ಇಂದಿಗೂ ಇರುವ ತೊಡಕು ಇದೇ: ಕೀಲು ಚೆನ್ನಾದಷ್ಟೂ ಒಳಗನ್ನು ತೆರೆಯುವ ದಾರಿ ಮುಚ್ಚುತ್ತ ಬಂದಿದೆ.

ಇದಕ್ಕೆ ಕಾರಣ ಕಂಪನಿಗಳ ಲಾಭದ ಲೆಕ್ಕವೊಂದೇ ಎಂದರೆ ಅರ್ಧ ಸತ್ಯ. ಹಿಂದಕ್ಕೆ ಮಡಚಿದ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿಯಬೇಕು. ಆಗ ಪರದೆ, ಕೀಬೋರ್ಡು, ಬ್ಯಾಟರಿ ಎಲ್ಲದರ ತೂಕವೂ ಒಂದೇ ಅಂಗೈ ಮೇಲೆ ಬೀಳುತ್ತದೆ. ಒಂದೆರಡು ಮಿಲಿಮೀಟರ್ ದಪ್ಪವೂ ಗೊತ್ತಾಗುತ್ತದೆ. ರ‍್ಯಾಮ್ ಸ್ಲಾಟು ಜಾಗ ತಿನ್ನುತ್ತದೆ, ಎತ್ತರವನ್ನೂ ಬೇಡುತ್ತದೆ. ಅದರ ಜೊತೆಗೆ ವಿದ್ಯುತ್ತಿನ ಪ್ರಶ್ನೆ ಇದೆ. ಎಲ್‌ಪಿಡಿಡಿಆರ್ ಎಂಬ ಮಿತವ್ಯಯದ ರ‍್ಯಾಮ್ ತೀರ ಕಡಿಮೆ ವೋಲ್ಟೇಜಿನಲ್ಲಿ ಅತಿ ವೇಗವಾಗಿ ಸಂಕೇತ ಕಳಿಸುತ್ತದೆ. ಪ್ರೊಸೆಸರಿನಿಂದ ರ‍್ಯಾಮ್‌ವರೆಗಿನ ತಾಮ್ರದ ಗೆರೆಗಳು ಉದ್ದವಾದಷ್ಟೂ, ನಡುವೆ ಸ್ಲಾಟಿನ ಲೋಹದ ಸಂಪರ್ಕಗಳು ಬಂದಷ್ಟೂ ಆ ಸಂಕೇತ ಕೆಡುತ್ತದೆ. ಹಾಗಾಗಿ ಚಿಪ್ಪುಗಳನ್ನು ಪ್ರೊಸೆಸರಿನ ಪಕ್ಕದಲ್ಲೇ ಬೆಸೆಯುತ್ತಾರೆ. ಬ್ಯಾಟರಿ ಹೆಚ್ಚು ಹೊತ್ತು ಬರುವುದರಲ್ಲಿ ಈ ಬೆಸುಗೆಯ ಪಾಲೂ ಇದೆ.

ಎಸ್‌ಎಸ್‌ಡಿಯ ಕತೆ ಬೇರೆ. ಎಂ.2 ಎಂಬ ತೆಳು ಪಟ್ಟಿಯಾಗಿ ಬರುವುದರಿಂದ ಇದನ್ನು ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಬಹುದು. ಪಟ್ಟಿಯ ಅಳತೆ ಮಾತ್ರ ನೋಡಿಕೊಳ್ಳಬೇಕು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2230 ಎಂದರೆ ಉದ್ದ 30 ಮಿಲಿಮೀಟರ್ ಮಾತ್ರ. ಉದ್ದನೆಯದನ್ನು ತಂದರೆ ಚಿಕ್ಕ ಯಂತ್ರದೊಳಗೆ ಕೂರುವುದಿಲ್ಲ. ತೀರ ಅಗ್ಗದ ಮಾದರಿಗಳಲ್ಲಿ ಇಎಂಎಂಸಿ ಎಂಬ ಬೆಸುಗೆಯ ಸಂಗ್ರಹ ಇರುತ್ತದೆ. 64 ಜಿಬಿ ಇಎಂಎಂಸಿ ಇರುವ ವಿಂಡೋಸ್ ಯಂತ್ರವನ್ನು ವಿದ್ಯಾರ್ಥಿಗೆ ಕೊಡಿಸುವುದು ಸರಿಯಲ್ಲ. ವಿಂಡೋಸಿನ ಅಪ್‌ಡೇಟ್‌ಗಳೇ ಬೇಗ ಅದನ್ನು ತುಂಬಿಬಿಡುತ್ತವೆ.

ಪೆನ್ನಿನ ಬಗ್ಗೆ ಅಂಗಡಿಗಳಲ್ಲಿ ಯಾರೂ ಹೆಚ್ಚು ವಿವರಿಸುವುದಿಲ್ಲ. ಬೆರಳನ್ನು ಪರದೆ ಗುರುತಿಸುವುದು ಚರ್ಮದ ವಿದ್ಯುತ್‌ವಾಹಕತೆಯಿಂದ. ಎಕ್ಸ್230 ಟ್ಯಾಬ್ಲೆಟ್‌ನ ಪೆನ್ನಿಗೆ ಬೇರೆ ವ್ಯವಸ್ಥೆ ಇತ್ತು. ಜಪಾನಿನ ವಾಕಾಮ್ ಕಂಪನಿಯ ಆ ತಂತ್ರದಲ್ಲಿ ಪರದೆಯ ಹಿಂದಿನ ತಂತಿಜಾಲ ಸಣ್ಣ ಕಾಂತಕ್ಷೇತ್ರವೊಂದನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಮರುಸಂಕೇತ ಕಳಿಸುತ್ತದೆ. ಪೆನ್ನಿಗೆ ಬ್ಯಾಟರಿಯೇ ಬೇಡ. ಹತ್ತು ವರ್ಷ ಮೂಲೆಯಲ್ಲಿದ್ದರೂ ಬರೆಯುತ್ತದೆ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್ ಪೆನ್ನುಗಳಲ್ಲಿ ಬ್ಯಾಟರಿ ಇರುತ್ತದೆ, ಮೈಕ್ರೋಸಾಫ್ಟಿನ ಎಂಪಿಪಿ, ಯುಎಸ್‌ಐ ಎಂದು ಪದ್ಧತಿಗಳೂ ಬೇರೆ ಬೇರೆ. ಒಂದರ ಪೆನ್ನು ಇನ್ನೊಂದರ ಪರದೆಯಲ್ಲಿ ಮೂಡುವುದಿಲ್ಲ. ಆದ್ದರಿಂದ ಪೆನ್ನು ಕೊಳ್ಳುವ ಮುನ್ನ ಪರದೆ ಯಾವ ಪದ್ಧತಿಯದು ಎಂದು ತಿಳಿದಿರಬೇಕು. ಇನ್ನೊಂದು ವಿಷಯ: ಟಚ್ ಗಾಜು ಮತ್ತು ಪರದೆ ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಗಾಜು ಒಡೆದರೆ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ, ಖರ್ಚೂ ಹಾಗೆಯೇ ಏರುತ್ತದೆ.

ಮಡಚುವ ಕೀಲನ್ನೂ ತೆರೆಯುವ ತಳವನ್ನೂ ಒಟ್ಟಿಗೆ ಕೊಡಬಹುದೆಂದು ಈಚೆಗೆ ತೋರಿಸಿದ್ದು ಅಮೆರಿಕದ ಫ್ರೇಮ್‌ವರ್ಕ್ ಕಂಪನಿ. 2025ರ ಫೆಬ್ರವರಿಯಲ್ಲಿ ಪ್ರಕಟವಾದ ಅದರ ‘ಲ್ಯಾಪ್‌ಟಾಪ್ 12’ಕ್ಕೆ 12.2 ಇಂಚಿನ ಟಚ್‌ಸ್ಕ್ರೀನ್, 360 ಡಿಗ್ರಿ ಕೀಲು, ಸುಮಾರು 1.3 ಕೆ.ಜಿ. ತೂಕ. ಎಂಪಿಪಿ, ಯುಎಸ್‌ಐ ಎರಡೂ ಪದ್ಧತಿಯ ಪೆನ್ನುಗಳು ಅದರಲ್ಲಿ ನಡೆಯುತ್ತವೆ. ಒಂದು ರ‍್ಯಾಮ್ ಸ್ಲಾಟ್ 48 ಜಿಬಿವರೆಗೆ ಹಿಡಿಸುತ್ತದೆ. ಎಸ್‌ಎಸ್‌ಡಿ, ಬ್ಯಾಟರಿ, ಪರದೆ, ಕೀಬೋರ್ಡು, ಕೊನೆಗೆ ಮದರ್‌ಬೋರ್ಡೂ ಬಿಚ್ಚಿ ಬದಲಿಸುವಂಥವು. ಬಿಡಿಭಾಗಗಳನ್ನು ಕಂಪನಿಯೇ ಮಾರುತ್ತದೆ.

ಇದರಲ್ಲಿ ಕೊರತೆಗಳಿಲ್ಲ ಎಂದಲ್ಲ. ಪ್ರೊಸೆಸರು ಇಂಟೆಲ್‌ನ 13ನೇ ತಲೆಮಾರಿನ ಐ3 ಅಥವಾ ಐ5, ಅಂದರೆ ಲ್ಯಾಪ್‌ಟಾಪು ಬರುವ ಹೊತ್ತಿಗೇ ಎರಡು ವರ್ಷ ಹಳೆಯದು. ಕೀಗಳ ಕೆಳಗೆ ಬೆಳಕಿಲ್ಲ, ಬೆರಳಚ್ಚು ಓದುವ ಗುಂಡಿಯಿಲ್ಲ. ಸ್ಲಾಟ್ ಒಂದೇ ಆದ್ದರಿಂದ ರ‍್ಯಾಮ್ ಸಿಂಗಲ್ ಚಾನೆಲ್‌ನಲ್ಲೇ ಓಡಬೇಕು. ಸ್ವಂತ ಮೆಮೊರಿಯಿಲ್ಲದ ಗ್ರಾಫಿಕ್ಸ್ ಭಾಗಕ್ಕೆ ಅದರಿಂದ ಹೊಡೆತ. ಆಟ ಆಡುವವರು ಇದನ್ನು ಬಿಡಬೇಕು. ಬರೆಯುವ, ಓದುವ, ಕೋಡ್ ಕಲಿಯುವ ವಿದ್ಯಾರ್ಥಿಗೆ ಮಾತ್ರ ಇದು ಬಹುಕಾಲ ಬಾಳುವ ಯಂತ್ರ.

ನಮ್ಮಲ್ಲಿ ಹುಡುಕುವವರಿಗೆ ಸೆಕೆಂಡ್ ಹ್ಯಾಂಡ್ ಸಂತೆಯೂ ಒಂದು ದಾರಿ. ಕಚೇರಿಗಳಿಂದ ಹೊರಬಂದ ಹಳೆಯ ಲ್ಯಾಪ್‌ಟಾಪ್‌ಗಳು, ಬಿಡಿ ರ‍್ಯಾಮ್, ಎಸ್‌ಎಸ್‌ಡಿ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. 13.3 ಇಂಚಿನ ಎಚ್‌ಪಿ ಪ್ರೊಬುಕ್ ಎಕ್ಸ್360 435 ಜಿ7 ಮಡಚುವ ಮಾದರಿ. ಅದರಲ್ಲಿ ಎರಡು ರ‍್ಯಾಮ್ ಸ್ಲಾಟ್‌ಗಳಿವೆ. ಸ್ವಲ್ಪ ದೊಡ್ಡದಾದರೂ ನಡೆದೀತು ಎನ್ನುವವರಿಗೆ ಡೆಲ್‌ನ ಇನ್‌ಸ್ಪಿರಾನ್ 14 5406 ಇದೆ, ಅದರಲ್ಲೂ ಎರಡು ಸ್ಲಾಟ್. ಎಕ್ಸ್230 ಟ್ಯಾಬ್ಲೆಟ್‌ನಷ್ಟು ಹಿಂದಕ್ಕೆ ಹೋದರೆ ಲಿನಕ್ಸ್ ಹಾಕಿಕೊಳ್ಳುವ ಸಿದ್ಧತೆ ಬೇಕು. ವಿಂಡೋಸ್ 11 ಇಂಟೆಲ್‌ನ ಅಷ್ಟು ಹಳೆಯ ತಲೆಮಾರುಗಳನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಂಗಡಿಯವರ ಮಾತನ್ನು ಅಲ್ಲೇ ಪರೀಕ್ಷಿಸಬಹುದು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯನ್ನು ಒತ್ತಿದರೆ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ಕಾಣುತ್ತದೆ. ಅದರೆದುರು ‘ಸೋಡಿಮ್’ ಎಂದಿದ್ದರೆ ರ‍್ಯಾಮ್ ಸ್ಲಾಟಿನಲ್ಲಿದೆ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆಯಾಗಿದೆ. ಕೆಲವು ಮಾದರಿಗಳಲ್ಲಿ ಸ್ವಲ್ಪ ಬೆಸುಗೆಯ ರ‍್ಯಾಮ್, ಜೊತೆಗೊಂದು ಸ್ಲಾಟ್ ಇರುವುದುಂಟು. ಅನುಮಾನ ಬಂದರೆ ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಬೇಕು. ಲೆನೊವೊ, ಎಚ್‌ಪಿ, ಡೆಲ್ ಮೂರೂ ಇವನ್ನು ಉಚಿತವಾಗಿ ಕೊಡುತ್ತವೆ. ಯಾವ ಸ್ಕ್ರೂ ಎಲ್ಲಿದೆ ಎನ್ನುವವರೆಗೆ ಅದರಲ್ಲಿ ಚಿತ್ರಸಹಿತ ವಿವರವಿರುತ್ತದೆ.

ಬೆಸುಗೆಗೂ ಸ್ಲಾಟಿಗೂ ನಡುವಿನ ದಾರಿಯೊಂದು ಈಗ ತೆರೆದಿದೆ. ಎಲ್‌ಪಿಕ್ಯಾಮ್2 ಎಂಬ ಚಪ್ಪಟೆ ಬಿಲ್ಲೆಯಲ್ಲಿ ಮಿತವ್ಯಯದ ಎಲ್‌ಪಿಡಿಡಿಆರ್ ಚಿಪ್ಪುಗಳೇ ಇರುತ್ತವೆ. ಬಿಲ್ಲೆಯನ್ನು ಬೋರ್ಡಿನ ಮೇಲೆ ಒತ್ತಿ ಸ್ಕ್ರೂ ಬಿಗಿದರೆ ಸಾಕು, ಸಂಕೇತ ಸಾಗುವ ದೂರವೂ ಚಿಕ್ಕದು. 2024ರಲ್ಲಿ ಇದನ್ನು ಬಳಸಿದ ಲೆನೊವೊ ಥಿಂಕ್‌ಪ್ಯಾಡ್ ಪಿ1 ಜೆನ್ 7 ಮಾತ್ರ 16 ಇಂಚಿನ ದೊಡ್ಡ ಯಂತ್ರ. ಈ ಬಿಲ್ಲೆ 12 ಇಂಚಿನ ಯಂತ್ರಗಳಿಗೂ ಬರಲಿ ಎಂದು ಕಾಯಲಾಗದೆ ಬೆಸುಗೆಯ ಮಾದರಿಯನ್ನೇ ಕೊಳ್ಳುವವರು ಮೊದಲ ದಿನವೇ 16 ಜಿಬಿ ರ‍್ಯಾಮ್ ಇರುವುದನ್ನು ಆರಿಸಲಿ. ಹಣ ಉಳಿಸಬೇಕಿದ್ದರೆ ಎಸ್‌ಎಸ್‌ಡಿಯಲ್ಲಿ ಉಳಿಸಬಹುದು, ಅದನ್ನು ಮುಂದೆಯೂ ಬದಲಿಸಿಕೊಳ್ಳಲು ಬರುತ್ತದೆ.