ಖಾಲಿ ನಿವೇಶನವು ನಿಜವಾಗಿ ಖಾಲಿಯೆ?

ಊರಿನ ನಡುವೆ, ಎರಡು ಕಟ್ಟಡಗಳ ಸಂದಿನಲ್ಲಿ, ಪಾಳುಬಿದ್ದ ಒಂದು ನಿವೇಶನ. ಅಲ್ಲಿ ಇಟ್ಟಿಗೆಯ ಚೂರು, ಒಡೆದ ಗಾಜು, ಎಕ್ಕದ ಗಿಡ. ಇದನ್ನು ಹಸನುಗೊಳಿಸಿ, ತರಕಾರಿ ಬೆಳೆದು, ನೆರೆಹೊರೆಯವರಿಗೆ ಮಾರಬಾರದೇಕೆ ಎಂಬ ಯೋಚನೆ ಉತ್ಸಾಹಿಗಳಿಗೆ ಬಾರದಿರದು. ಯೋಚನೆ ಒಳ್ಳೆಯದೇ. ಆದರೆ ಗುದ್ದಲಿಯನ್ನೆತ್ತುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಆ ನೆಲದಲ್ಲಿ ಈಗಾಗಲೇ ಏನಿದೆ?

ಬರ್ಲಿನ್ ನಗರದ ಮೊರಿಟ್ಸ್‌ಪ್ಲಾಟ್ಸ್ ಎಂಬ ಚೌಕದ ಬಳಿ ಸುಮಾರು 6,000 ಚದರ ಮೀಟರು ಜಾಗವು ಎರಡನೆಯ ಮಹಾಯುದ್ಧದ ತರುವಾಯ ದಶಕಗಳ ಕಾಲ ಬಹುಮಟ್ಟಿಗೆ ಪಾಳುಬಿದ್ದಿತ್ತು. 2009ರಲ್ಲಿ ಜನರು ಒಟ್ಟುಗೂಡಿ ಅಲ್ಲಿಯ ಕಸವನ್ನು ತೆಗೆದು, ‘ಪ್ರಿನ್ಸೆಸಿನೆನ್‌ಗಾರ್ಟೆನ್’ ಎಂಬ ತೋಟವನ್ನು ಮಾಡಿದರು. ಬೆಳೆದ ತರಕಾರಿಯನ್ನು ಅಲ್ಲಿಯೇ ಮಾರಿದರು. ಸೋಜಿಗವೆಂದರೆ, ಅವರು ಬೆಳೆದದ್ದು ನೆಲದಲ್ಲಲ್ಲ. ರೊಟ್ಟಿಯಂಗಡಿಯ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಮತ್ತು ಅಕ್ಕಿಯ ಚೀಲಗಳಲ್ಲಿ! ಇದಕ್ಕೆ ಎರಡು ಕಾರಣಗಳು. ಜಾಗ ನಗರಾಡಳಿತದ್ದು, ಕರಾರು ಅಲ್ಪಾವಧಿಯದು. ಏಳೆಂದಾಗ ತೋಟವನ್ನೇ ಹೊತ್ತು ಹೊರಡಬಹುದು. ಇನ್ನೊಂದು ಕಾರಣ, ನಗರದ ಮಣ್ಣನ್ನು ನಂಬುವಂತಿಲ್ಲ.

ನಂಬಬಾರದೇಕೆ? ಮುಖ್ಯ ಅಪರಾಧಿ ಸೀಸ. ಇಂಜಿನಿನ ಬಡಿತವನ್ನು ತಡೆಯಲು 1923ರಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸತೊಡಗಿದರು. ಹೊಗೆಯೊಡನೆ ಹೊರಬಿದ್ದ ಸೀಸವು ರಸ್ತೆಯ ಇಕ್ಕೆಲದ ಮಣ್ಣನ್ನು ಸೇರಿತು. ಹಳೆಯ ಗೋಡೆಗಳ ಬಣ್ಣದಿಂದಲೂ ಅದು ಉದುರಿತು. ಭಾರತದಲ್ಲಿ ಈ ಪೆಟ್ರೋಲು 2000ದಲ್ಲಿ ನಿಂತಿತು. ಲೋಕದಲ್ಲಿ ಕೊನೆಯದಾಗಿ 2021ರಲ್ಲಿ ಅಲ್ಜೀರಿಯದಲ್ಲಿ ನಿಂತಿತು. ಆದರೆ ಮಣ್ಣಿಗೆ ಬಿದ್ದ ಸೀಸ ಎಲ್ಲಿಗೆ ಹೋದೀತು? ಯುರೇನಿಯಂ ಕ್ಷಯಿಸುತ್ತ ಕ್ಷಯಿಸುತ್ತ ಕಡೆಗೆ ಸೀಸವಾಗಿ ನಿಲ್ಲುತ್ತದೆ. ಸೀಸ ಮಾತ್ರ ಮತ್ತೇನೂ ಆಗದು. ಎಲೆ ಕೊಳೆಯುವಂತೆ ಅದು ಕೊಳೆಯುವುದೂ ಇಲ್ಲ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ವಸತಿ ಪ್ರದೇಶದ ಮಣ್ಣಿನ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ ದಶಲಕ್ಷಕ್ಕೆ 400 ಭಾಗದಿಂದ 200ಕ್ಕೆ ಇಳಿಸಿತು. ಅಂದರೆ ಕಿಲೋಗ್ರಾಂ ಮಣ್ಣಿನಲ್ಲಿ 200 ಮಿಲಿಗ್ರಾಂ ಸೀಸ. ಒಂದು ಚದರ ಮೀಟರಿನಲ್ಲಿ 20 ಸೆಂಟಿಮೀಟರು ಆಳದವರೆಗಿನ ಮಣ್ಣು ಸುಮಾರು 260 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಅಡಗಿರುವ ಸೀಸ 52 ಗ್ರಾಂ! ಬೆಳೆ ಹೀರುವುದು ಇದರ ಅತ್ಯಲ್ಪ ಭಾಗವನ್ನು. ಆದುದರಿಂದ ತರಕಾರಿ ಬೆಳೆಬೆಳೆದು ನೆಲವನ್ನು ಶುದ್ಧಿಮಾಡುವೆವೆಂಬುದು ಭ್ರಮೆ.

ಅಪಾಯ ಗಿಡಕ್ಕಿಂತಲೂ ಧೂಳಿನಲ್ಲಿ ಹೆಚ್ಚು. ಸೊಪ್ಪಿಗಂಟಿದ ಮಣ್ಣು, ಆಡುವ ಮಗುವಿನ ಕೈಗಂಟಿದ ಮಣ್ಣು ಬಾಯಿಗೆ ಹೋಗುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಸೀಸವು ಇಂತಿಷ್ಟಾದರೆ ನಿರಪಾಯವೆಂದು ಹೇಳುವಂತಿಲ್ಲ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ನಿವೇಶನದಲ್ಲಿ ಹಿಂದೆ ಏನಿತ್ತೆಂಬುದನ್ನು ಹಿರಿಯರಲ್ಲಿ ವಿಚಾರಿಸಬೇಕು. ಹಲವೆಡೆಯ ಮಣ್ಣನ್ನು ಬೆರೆಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಸೀಸ ಹೆಚ್ಚಿದ್ದರೆ, ನೆಲಕ್ಕೆ ದಪ್ಪ ಬಟ್ಟೆ ಹಾಸಿ, ಮೇಲೆ ಎತ್ತರದ ಮಡಿ ಕಟ್ಟಿ, ಶುದ್ಧವಾದ ಮಣ್ಣನ್ನೂ ಗೊಬ್ಬರವನ್ನೂ ತುಂಬಬೇಕು. ಟೊಮ್ಯಾಟೊ, ಬದನೆ, ಹುರುಳಿಕಾಯಿಗಳಿಗೆ ಸೀಸ ಏರುವುದು ಕಡಮೆ. ಮೂಲಂಗಿ, ಸೊಪ್ಪುಗಳಲ್ಲಿ ಎಚ್ಚರ ಹೆಚ್ಚು ಬೇಕು.

ಬರ್ಲಿನ್ನಿನ ಆ ಜಾಗವನ್ನು ಮಾರುವ ಪ್ರಸ್ತಾಪ 2012ರಲ್ಲಿ ಬಂದಾಗ 30,000ಕ್ಕೂ ಹೆಚ್ಚು ಜನರು ಸಹಿಹಾಕಿ ವಿರೋಧಿಸಿದರು, ಮಾರಾಟ ನಿಂತಿತು. ನೆಲವನ್ನು ಉಳಿಸಿಕೊಳ್ಳಲು ಜನಬಲ ಬೇಕು. ಅದರಲ್ಲಿ ಬೆಳೆದದ್ದನ್ನು ನಿಶ್ಚಿಂತೆಯಿಂದ ಮಕ್ಕಳ ತಟ್ಟೆಗೆ ಬಡಿಸಬೇಕಾದರೆ, ಒಂದು ಹಿಡಿ ಮಣ್ಣಿನ ಪರೀಕ್ಷೆಯೂ ಬೇಕು.